ಸೂಟಿನವನು ಮತ್ತೆ ಕೇಳಿದಾಗ

ನಮ್ಮವ್ವ ಆ ಆಟದಲ್ಲಿ ನಾಲ್ಕು ತಿಂಗಳು ಬಿಡದೆ ಸೋತಳು. ಉತ್ತರ ಗೊತ್ತಿಲ್ಲದೆ ಸೋತಿದ್ದರೆ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಸರಿಯಾದ ಉತ್ತರವನ್ನೇ ಹೇಳಿ, ಆಮೇಲೆ ಅದನ್ನು ತಾನೇ ವಾಪಸ್ ತೆಗೆದುಕೊಂಡು ಸೋಲುತ್ತಿದ್ದಳು. ಪಕ್ಕದಲ್ಲಿ ಕೂತು ನೋಡುವವಳಿಗೆ, ಅಂದರೆ ನನಗೆ, ಮೈ ಉರಿಯುತ್ತಿತ್ತು.

ಆಗ ನಾನು ಆಳಂದದಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಕೇಂದ್ರ ಎಂದರೆ ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ, ಆರು ಕಂಪ್ಯೂಟರು. ಅದರಲ್ಲಿ ನಾಲ್ಕು ನಡೆಯುತ್ತಿದ್ದವು. ಹೊಸದಾಗಿ ಬಂದವರಿಗೆ ಮೌಸು ಹಿಡಿಯುವುದನ್ನು ಕಲಿಸುವುದೇ ದೊಡ್ಡ ಕೆಲಸ. ನರೋಣಾದಿಂದ ಬಸ್ಸಿನಲ್ಲಿ ಬರುವ ಹುಡುಗಿಯರು ಮೊದಲ ವಾರ ಮೌಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು, ಎಲ್ಲಿ ಓಡಿಹೋಗುತ್ತದೋ ಎನ್ನುವ ಹಾಗೆ. ಇದಕ್ಕೆಂದೇ ಮಾಲೀಕರು ಕಲಬುರಗಿಯಿಂದ ಒಂದು ಸಿಡಿ ತಂದಿದ್ದರು. ಟಿವಿಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಪ್ರಶ್ನೋತ್ತರದ ಕಾರ್ಯಕ್ರಮವನ್ನೇ ಯಾರೋ ಕಂಪ್ಯೂಟರ್ ಆಟ ಮಾಡಿದ್ದರು. ಒಂದು ಪ್ರಶ್ನೆ, ನಾಲ್ಕು ಉತ್ತರ, ಬಾಣದ ಗುರುತನ್ನು ಸರಿಯಾಗಿ ಒಂದರ ಮೇಲೆ ಒಯ್ದು ಒತ್ತಬೇಕು. ಮೌಸು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠ ನಾನು ಇವತ್ತಿಗೂ ಕಂಡಿಲ್ಲ.

ಮಾಲೀಕರು ಹೊಸ ಯಂತ್ರಗಳನ್ನು ತಂದಾಗ ಹಳೆಯದೊಂದು ನಮ್ಮ ಮನೆಗೆ ಬಂತು. ಸಿಡಿ ಹಾಕುವ ಖಾನೆ ಕೆಟ್ಟು ತೆರೆಯುತ್ತಿರಲಿಲ್ಲ. ಒಳಗೆ ಈ ಆಟದ ಸಿಡಿ ಸಿಕ್ಕಿಕೊಂಡಿತ್ತು. ಹಾಗಾಗಿ ಆ ಕಂಪ್ಯೂಟರಿನಲ್ಲಿ ಬೇರೆ ಯಾವ ಆಟವನ್ನೂ ಹಾಕುವಂತಿರಲಿಲ್ಲ, ಇದನ್ನು ತೆಗೆಯುವಂತೆಯೂ ಇರಲಿಲ್ಲ.

ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಂಪ್ಯೂಟರನ್ನು ನಡುಮನೆಯಲ್ಲಿ ಅಪ್ಪನ ಹಳೆಯ ಹೊಲಿಗೆ ಮಷಿನ್ನಿನ ಮೇಜಿನ ಮೇಲೆ ಇಟ್ಟೆವು. ಮಷಿನ್ನು ತೆಗೆದಿದ್ದರೂ ಕೆಳಗಿನ ತುಳಿಯುವ ಹಲಗೆ ಹಾಗೇ ಇತ್ತು. ಅವ್ವ ಯೋಚನೆಗೆ ಬಿದ್ದಾಗ ಅವಳ ಕಾಲು ತಾನಾಗಿ ಅದನ್ನು ತುಳಿಯುತ್ತಿತ್ತು. ಕಷ್ಟದ ಪ್ರಶ್ನೆ ಬಂದಿದೆಯೆಂದು ನನಗೆ ಅಡುಗೆಮನೆಯಲ್ಲಿದ್ದರೂ ಗೊತ್ತಾಗುತ್ತಿತ್ತು.

ಆಟದ ಒಳಗೆ ನೀಲಿ ಬೆಳಕಿನ ವೇದಿಕೆ, ಎತ್ತರದ ಎರಡು ಕುರ್ಚಿ, ಸೂಟು ಹಾಕಿದ ಒಬ್ಬ ನಿರೂಪಕ. ಟಿವಿಯಲ್ಲಿ ಬರುವ ಮನುಷ್ಯನಲ್ಲ, ಬರೆದ ಚಿತ್ರ. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಮಾತು ಹಿಂದಿ. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಉರ್ದು ಆಡುವುದರಿಂದ ಅವ್ವನಿಗೆ ಅದು ತೊಡಕಾಗಲಿಲ್ಲ. ತೆರೆಯ ಮೇಲಿನ ಅಕ್ಷರವನ್ನು ಮಾತ್ರ ನಾನು ಓದಿ ಹೇಳುತ್ತಿದ್ದೆ. ಅವನು ನಮಸ್ಕಾರ ಎಂದಾಗಲೆಲ್ಲ ಅವ್ವ ಸೆರಗು ಸರಿಮಾಡಿಕೊಂಡು ಶರಣ್ರೀ ಎನ್ನುತ್ತಿದ್ದಳು. ಅದು ಕಂಪ್ಯೂಟರ್, ಅದಕ್ಕೆ ಕೇಳಿಸುವುದಿಲ್ಲ ಎಂದು ಹೇಳಿದೆ. ಕೇಳಿಸದಿದ್ದರೆ ಏನಾಯಿತು, ನಾನು ಹೇಳುವುದು ಹೇಳಬೇಕಲ್ಲ ಎಂದಳು. ಸರಿ ಉತ್ತರಕ್ಕೆ ಬರುವ ಚಪ್ಪಾಳೆಯ ನಡುವೆ ಯಾರೋ ಒಬ್ಬ ಕೆಮ್ಮುತ್ತಿದ್ದ. ಪ್ರತಿ ಸಲ, ಅದೇ ಜಾಗದಲ್ಲಿ. ಎರಡು ತಿಂಗಳಾದ ಮೇಲೆ ಅವ್ವ, ಅವನಿಗೆ ಇನ್ನೂ ಕಡಿಮೆಯಾಗಿಲ್ಲವಲ್ಲ ಎಂದು ಮರುಗಿದಳು.

ಆಟ ಶುರುವಾಗುವ ಮೊದಲು ಆಡುವವರ ಹೆಸರು ಕೇಳುತ್ತದೆ. ಅವ್ವ ಅಪ್ಪನ ಹೆಸರು ಹಾಕು ಎಂದು ಸನ್ನೆಯಲ್ಲೇ ಹೇಳಿದಳು. ಲೈಟ್ ಬಿಲ್ಲು, ನಲ್ಲಿ, ಮನೆ, ಎಲ್ಲ ಅವನ ಹೆಸರಿನಲ್ಲೇ ಇದ್ದವು. ಇದೊಂದು ಯಾಕೆ ಬೇರೆ. ಹೀಗಾಗಿ ಹೆಚ್ಚು ಗೆದ್ದವರ ಪಟ್ಟಿಯಲ್ಲಿ ಹತ್ತೂ ಸಾಲು ಅಪ್ಪನ ಹೆಸರೇ ಬಂತು. ಅಪ್ಪ ಬಟ್ಟೆ ಕೊಡಲು ಬಂದ ಗಿರಾಕಿಗಳನ್ನು ಒಳಗೆ ಕರೆದು ಆ ಪಟ್ಟಿಯನ್ನು ತೋರಿಸುತ್ತಿದ್ದ. ಅವನು ಆ ಮೌಸನ್ನು ಒಂದು ದಿನವೂ ಮುಟ್ಟಿರಲಿಲ್ಲ. ಟಿವಿಯ ಮುಂದೆ ಕೂತಾಗ ಮಾತ್ರ ಎಲ್ಲ ಪ್ರಶ್ನೆಗೂ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದ, ಹತ್ತರಲ್ಲಿ ಒಂಬತ್ತು ತಪ್ಪು. ಆದರೆ ಅಪ್ಪ ತಪ್ಪು ಹೇಳುವ ಧಾಟಿ ಕೇಳಿದರೆ ಸರಿ ಉತ್ತರವೇ ನಾಚಿಕೊಂಡು ಎದ್ದುಹೋಗಬೇಕು.

ಅವ್ವ ಮೊದಲ ಸಲ ಆಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ಗ್ರಹ ಯಾವುದು ಎಂದು ಬಂತು. ಬುಧ ಎಂದಳು, ತಡವಿಲ್ಲದೆ. ನಾನು ಬಾಣವನ್ನು ಬುಧನ ಮೇಲೆ ತರುವುದು ಕಲಿಸಿ ಒತ್ತಿಸಿದೆ. ಸೂಟಿನವನು ಮುಂದಕ್ಕೆ ಬಾಗಿ, ಇದೇ ಆಖರೀ ಜವಾಬೇನು, ಕೊನೆಯ ಉತ್ತರವೇನು, ಪಕ್ಕಾನಾ ಎಂದು ಕೇಳಿದ. ಅವ್ವ ತಕ್ಷಣ ಕೈ ಹಿಂದೆ ತೆಗೆದು, ಹಂಗಾದರೆ ಶುಕ್ರ ಹಾಕು ಎಂದಳು. ನಾನು ಯಾಕೆ ಎಂದೆ.

"ದೊಡ್ಡ ಮನಷ್ಯಾ ಎರಡೆರಡು ಸಲ ಕೇಳಾಕತ್ತಾನ. ನಾ ಹೇಳಿದ್ದೇ ಖರೆ ಅಂತ ಹಟಾ ಹಿಡದು ಕುಂದರ್ಲೇನು?"

ಅವನು ಎಲ್ಲರಿಗೂ ಹಾಗೇ ಕೇಳುತ್ತಾನೆ, ಸರಿ ಇದ್ದರೂ ಕೇಳುತ್ತಾನೆ, ತಪ್ಪಿದ್ದರೂ ಕೇಳುತ್ತಾನೆ ಎಂದು ವಿವರಿಸಿದೆ. ತಲೆಯಾಡಿಸಿದಳು. ಮುಂದಿನ ಆಟದಲ್ಲಿ ಮತ್ತೆ ಹಾಗೇ ಮಾಡಿದಳು.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮೊದಲನೆಯ ಉತ್ತರಕ್ಕೆ ಬೆಲೆಯೇ ಇಲ್ಲ. ಬಂದವರಿಗೆ ಚಹಾ ಎಂದು ಕೇಳಿದರೆ ಬೇಡ ಎನ್ನಬೇಕು. ಎರಡನೇ ಸಲ ಕೇಳಿದರೆ ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೇ ಸಲಕ್ಕೆ ಅರ್ಧ ಕಪ್ಪು ಹಾಕಿ ಎನ್ನಬೇಕು. ಆಗ ಇವರು ತುಂಬಿದ ಕಪ್ಪು ತಂದಿಡಬೇಕು. ಊಟಕ್ಕೆ ಕೂತವರು ಸಾಕು ಎಂದರೆ ಇನ್ನೊಂದು ರೊಟ್ಟಿ ಎಂದು ಅರ್ಥ. ಮೊದಲು ಹೇಳಿದ್ದನ್ನೇ ಹಿಡಿದು ಕೂರುವವರಿಗೆ ತಿಳಿವಳಿಕೆ ಕಡಿಮೆ ಎಂದು ಲೆಕ್ಕ. ಅವ್ವ ಈ ವಿದ್ಯೆಯಲ್ಲಿ ಪಳಗಿದವಳು. ಒಮ್ಮೆ ಹಲ್ಲಿನ ಡಾಕ್ಟರು ನೋವಿದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದು, ಅವರು ಮತ್ತೆ ಕೇಳಲಿಲ್ಲ ಎಂದು, ಆ ಹಲ್ಲನ್ನು ಬಾಯಲ್ಲಿಟ್ಟುಕೊಂಡೇ ವಾಪಸ್ ಬಂದಿದ್ದಳು.

ಅವಳಿಗೆ ಇಷ್ಟೆಲ್ಲ ಉತ್ತರ ಗೊತ್ತಿದ್ದದ್ದು ಹೇಗೆ ಎನ್ನುವುದು ಇನ್ನೊಂದು ಕಥೆ. ಕರಜಗಿಯಲ್ಲಿ ಏಳನೇ ತರಗತಿಗೆ ಶಾಲೆ ಬಿಡಿಸಿದ್ದರು. ಮದುವೆಯಾಗಿ ಬಂದ ಮೇಲೆ ಓದಲು ಸಿಕ್ಕಿದ್ದು ಅಪ್ಪನ ಅಂಗಡಿಯ ರದ್ದಿ ಪೇಪರು. ಅಪ್ಪ ಬ್ಲೌಸಿನ ಅಳತೆಯನ್ನು ಹಳೆಯ ಪೇಪರಿನಲ್ಲಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ. ಕತ್ತರಿಸಿದ್ದನ್ನು ಮಡಚಿ ಗಂಟು ಕಟ್ಟುವುದು ಅವ್ವನ ಕೆಲಸ. ಪ್ರತಿಯೊಂದನ್ನೂ ಓದಿಯೇ ಮಡಚುತ್ತಿದ್ದಳು. ಹೀಗೆ ಇಪ್ಪತ್ತೈದು ವರ್ಷ ಓದಿದ್ದರಿಂದ ಅವಳಿಗೆ ಜಗತ್ತಿನ ಬಹಳಷ್ಟು ಸಂಗತಿ ಗೊತ್ತಿತ್ತು. ಕಂಕುಳಿನ ಜಾಗದಲ್ಲಿ ಕತ್ತರಿಸಿಹೋದದ್ದು ಮಾತ್ರ ಗೊತ್ತಿರಲಿಲ್ಲ. ಒಂದು ದೇಶದಲ್ಲಿ ದಂಗೆ ಎದ್ದದ್ದು ಗೊತ್ತು, ದೇಶ ಯಾವುದೆಂದು ಗೊತ್ತಿಲ್ಲ. ಹಿಮಾಲಯದ ತುತ್ತತುದಿ ಮೊದಲು ಹತ್ತಿದವರಲ್ಲಿ ಒಬ್ಬರು ಗೊತ್ತು, ಇನ್ನೊಬ್ಬರು ತೋಳಿಗೆ ಹೋಗಿದ್ದರು.

ಆಟದಲ್ಲಿ ಕಷ್ಟ ಬಂದರೆ ಮೂರು ಸಹಾಯ ಇದ್ದವು. ಬೇರೆಯವರಿಗೆ ಅವು ಸಹಾಯ. ಅವ್ವನಿಗೆ ಮಾತ್ರ ಅವು ಬಂದು ಇದ್ದದ್ದನ್ನೂ ಕಿತ್ತುಕೊಂಡು ಹೋಗುತ್ತಿದ್ದವು. ಗೆಳೆಯನಿಗೆ ಫೋನು ಮಾಡುವುದನ್ನು ಅವಳು ಒಂದು ದಿನವೂ ಒತ್ತಲಿಲ್ಲ. ಅವನು ಏನು ಕೆಲಸದಲ್ಲಿದ್ದಾನೋ, ನಮ್ಮ ಆಟಕ್ಕೆ ಅವನನ್ನು ಯಾಕೆ ಎಬ್ಬಿಸುವುದು ಎನ್ನುತ್ತಿದ್ದಳು. ತಪ್ಪು ಉತ್ತರ ಎರಡನ್ನು ಅಳಿಸುವ ಸಹಾಯವನ್ನು ಒತ್ತಿದರೆ ಉಳಿದ ಎರಡರಲ್ಲಿ ತನ್ನ ಉತ್ತರ ಇದ್ದರೂ, ಇನ್ನೊಂದನ್ನೂ ಉಳಿಸಿದ್ದಾರೆಂದರೆ ಅದಕ್ಕೂ ಏನೋ ಕಾರಣ ಇರಬೇಕು ಎಂದು ಅದಕ್ಕೆ ಹೋಗುತ್ತಿದ್ದಳು. ಮೂರನೆಯದು ಪ್ರೇಕ್ಷಕರ ಅಭಿಪ್ರಾಯ. ನಾಲ್ಕು ಪಟ್ಟಿ ಮೇಲೇಳುತ್ತವೆ, ಯಾವುದು ಎತ್ತರವೋ ಅದು ಜನ ಹೇಳಿದ ಉತ್ತರ. ಅಷ್ಟು ಮಂದಿ ಒಂದು ಹೇಳುವಾಗ ತಾನೊಬ್ಬಳೇ ಬೇರೆ ಹೇಳುವುದು ಅವಳಿಂದ ಆಗುತ್ತಿರಲಿಲ್ಲ. ಆ ಮಂದಿಯನ್ನು ಆಟ ಬರೆದವನು ಸುಮ್ಮನೆ ಹುಟ್ಟಿಸಿದ್ದಾನೆ ಎಂದರೆ, ಹುಟ್ಟಿಸುವಾಗ ವಿಚಾರ ಮಾಡಿಯೇ ಹುಟ್ಟಿಸಿರುತ್ತಾನೆ ಎಂದಳು.

ಇದೆಲ್ಲ ನಗುವಿನ ವಿಷಯವಾಗಿಯೇ ಉಳಿಯುತ್ತಿತ್ತು, ಯುಗಾದಿ ಮುಗಿದ ವಾರ ಮಾಮಾ ಬರದಿದ್ದರೆ.

ಮಾಮಾ ಎಂದರೆ ಅವ್ವನ ಅಣ್ಣ, ಕರಜಗಿಯಲ್ಲಿ ಒಕ್ಕಲುತನ. ಕಬ್ಬಿನ ಬೆಲ್ಲದ ದೊಡ್ಡ ಗಂಟು ತಂದಿದ್ದ. ಚಹಾ ಆದ ಮೇಲೆ ವಿಷಯಕ್ಕೆ ಬಂದ. ಅಜ್ಜ ತೀರಿಕೊಂಡು ವರ್ಷವಾಗಿತ್ತು, ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದರೆ ಪಹಣಿ ತನ್ನೊಬ್ಬನ ಹೆಸರಿಗೆ ಆಗುತ್ತದೆ, ಕಾಗದ ನೆಟ್ಟಗಾಗುತ್ತವೆ ಎಂದ. ನೆಲೋಗಿಗೆ ಕೊಟ್ಟ ಅವ್ವನ ತಂಗಿ ಹಿಂದಿನ ವಾರವೇ ಬಂದು ಮಾಡಿಕೊಟ್ಟು ಹೋಗಿದ್ದಳಂತೆ. ಬಸವ ಜಯಂತಿ ಮುಗಿದ ಮೇಲೆ ಅಫಜಲಪುರಕ್ಕೆ ಬಂದುಬಿಡು, ಅರ್ಧ ತಾಸಿನ ಕೆಲಸ ಎಂದ. ಅವ್ವ ಆಗಲಿ ಎಂದಳು.

ಮಾಮಾ ಕೆಟ್ಟವನಲ್ಲ. ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮ ಕಡೆ ಇದನ್ನು ಯಾರೂ ಕಸಿದುಕೊಳ್ಳುವುದು ಎನ್ನುವುದಿಲ್ಲ. ಅಣ್ಣ ಕೇಳುತ್ತಾನೆ, ತಂಗಿ ಕೊಡುತ್ತಾಳೆ, ಬದಲಿಗೆ ತವರು ಉಳಿಯುತ್ತದೆ. ನಾಗರ ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರುತ್ತಾನೆ. ಮಾಮಾ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮಳೆ ಇದ್ದರೂ, ಹೊಲದಲ್ಲಿ ಕೆಲಸ ಇದ್ದರೂ, ಹಬ್ಬಕ್ಕೆ ಎರಡು ದಿನ ಮೊದಲು ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದ. ಕರೆಯಲು ಯಾರೂ ಬರದ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಹೋಗುವುದಿಲ್ಲ. ಹೋದರೆ ಜನ ಆಡಿಕೊಳ್ಳುತ್ತಾರೆ. ಅವ್ವನಿಗೆ ವರ್ಷದಲ್ಲಿ ತನ್ನದು ಎನ್ನುವ ದಿನಗಳು ಆ ಐದಾರೇ.

ಮಾಮಾ ಹೋದ ಮೇಲೆ ನಾನು ಅವಳನ್ನು ಕೇಳಿದೆ, ನಿನಗೆ ಆ ಹೊಲ ಬೇಡವೇ ಎಂದು. ನನಗೆ ಯಾಕೆ ಬೇಕು ಎಂದು ಕಸಬರಿಗೆ ಹಿಡಿದಳು. ಮಾರನೆಯ ದಿನ ಮತ್ತೆ ಕೇಳಿದೆ. ತಗೊಂಡು ಎಲ್ಲಿಗೆ ಹೋಗಲಿ ಎಂದಳು. ನನಗೆ ಚಹಾದ ನೆನಪಾಯಿತು. ಮೂರನೆಯ ದಿನ, ಅವಳು ಜೋಳ ಹಸನು ಮಾಡುತ್ತಿದ್ದಾಗ, ಪಕ್ಕದಲ್ಲಿ ಕೂತು ಮತ್ತೆ ಕೇಳಿದೆ. ಮೊರ ಕೆಳಗಿಟ್ಟಳು.

"ಬಾವಿ ಬಾಜೂಕಿನ ಎರಡು ಎಕರೆ ನಂಗ ಬೇಕು. ಬೆಳಿ ಅಣ್ಣನೇ ತಗೊಳ್ಳಲಿ. ಪಹಣಿಯೊಳಗ ನನ್ನ ಹೆಸರು ಇರಬೇಕು."

ಅಷ್ಟೇ ಹೇಳಿ ಮೊರ ಎತ್ತಿಕೊಂಡಳು. ಶಾಲೆ ಬಿಡಿಸಿದ ದಿನದಿಂದ ಮದುವೆಯ ದಿನದವರೆಗೆ ಅವಳು ಕಳೆ ಕಸ ತೆಗೆದದ್ದು ಆ ಎರಡು ಎಕರೆಯಲ್ಲಿ. ಅದು ನನಗೆ ಮೊದಲೇ ಗೊತ್ತಿತ್ತು, ಆದರೆ ಅವಳಿಗೆ ಬೇಕೆನಿಸುತ್ತದೆ ಎಂದು ಗೊತ್ತಿರಲಿಲ್ಲ. ಅವಳು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದೇ ಅವತ್ತು. ಅದರ ಹಿಂದೆಯೇ ನನಗೆ ಸಿಟ್ಟು ಬಂತು, ಯಾಕೆಂದರೆ ಮಾಮಾ ಇನ್ನೊಮ್ಮೆ ಕೇಳಿದರೆ ಇವಳು ಬಿಟ್ಟುಕೊಡುತ್ತಾಳೆ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಅಪ್ಪನನ್ನು ಕೇಳಿದೆವು. ಸಹಿ ಮಾಡಿ ಬಂದುಬಿಡಲಿ, ಅದು ಅಣ್ಣ ತಂಗಿಯರ ವಿಷಯ, ಕಾಯ್ದೆ ಪ್ರಕಾರವೂ ಹೆಣ್ಣುಮಕ್ಕಳಿಗೆ ಹೊಲ ಬರುವುದಿಲ್ಲ ಎಂದು ಖಚಿತವಾಗಿ ಹೇಳಿದ. ಅಪ್ಪ ಇಷ್ಟು ಖಚಿತವಾಗಿ ಹೇಳಿದ್ದರಿಂದ ಬರುತ್ತದೆ ಎಂದು ನನಗೆ ಧೈರ್ಯ ಬಂತು. ತಹಸೀಲ್ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯನ್ನು ವಿಚಾರಿಸಿದೆ. ಬರುತ್ತದೆ ಎಂದಳು.

ಉಳಿದದ್ದು ಒಂದು ತಿಂಗಳು. ನಾನು ತರಬೇತಿಯ ಕೆಲಸದವಳು, ನನಗೆ ತಿಳಿದದ್ದು ಒಂದೇ ದಾರಿ. ದಿನಾ ಮಧ್ಯಾಹ್ನ ಊಟಕ್ಕೆ ಬಂದಾಗ ಅವ್ವನನ್ನು ಆಟಕ್ಕೆ ಕೂರಿಸತೊಡಗಿದೆ. ಒಂದೇ ನಿಯಮ. ಮೊದಲು ಬಾಯಿಗೆ ಬಂದ ಉತ್ತರವೇ ಉತ್ತರ, ಸೂಟಿನವನು ಎಷ್ಟು ಸಲ ಕೇಳಿದರೂ ಬದಲಿಸಬಾರದು. ಸ್ಪೀಕರಿನ ದನಿ ಏರಿಸಿದೆ. ಕರೆಂಟು ಹೋದರೆ ಯುಪಿಎಸ್ ಕೀ ಕೀ ಎನ್ನುತ್ತಿರುವಾಗಲೂ ಬಿಡಲಿಲ್ಲ.

ಮೂರು ವಾರ ಏನೂ ಆಗಲಿಲ್ಲ. ಅವಳು ಮೊದಲು ತಡೆದುಕೊಳ್ಳುತ್ತಿದ್ದಳು, ಕಾಲು ಕೆಳಗೆ ತುಳಿಯುತ್ತಿತ್ತು, ಸೂಟಿನವನು ಪಕ್ಕಾನಾ ಎನ್ನುವಷ್ಟರಲ್ಲಿ ಕೈ ತಾನಾಗಿ ಇನ್ನೊಂದರ ಮೇಲೆ ಹೋಗುತ್ತಿತ್ತು. ನಾನು ರೇಗುತ್ತಿದ್ದೆ. ಒಂದು ದಿನ ಮಾಮಾನ ದನಿ ಮಾಡಿ, ಯಾಕ್ ತಂಗಿ, ಸಹಿ ಮಾಡಂಗಿಲ್ಲೇನು ಎಂದು ಕೇಳಿಯೂ ನೋಡಿದೆ. ಅವಳು ಎದ್ದು ಹೋದಳು. ಅವನು ನಮ್ಮಣ್ಣ, ಅವನನ್ನು ಈ ಆಟದೊಳಗೆ ತರಬೇಡ ಎಂದಳು.

ನಾಲ್ಕನೆಯ ವಾರ ಒಂದು ಪ್ರಶ್ನೆ ಬಂತು. ಜೋಳ ಯಾವ ಹಂಗಾಮಿನ ಬೆಳೆ? ಖರೀಫ್, ರಬಿ, ಬೇಸಿಗೆ, ಇವು ಯಾವುವೂ ಅಲ್ಲ. ನಾನು ಖರೀಫ್ ಎಂದರೆ ಮುಂಗಾರಿ, ರಬಿ ಎಂದರೆ ಹಿಂಗಾರಿ ಎಂದು ಹೇಳಹೋದೆ. ಹೇಳಬೇಕಾಗಿರಲಿಲ್ಲ. ಅವ್ವ ಆಗಲೇ ರಬಿಯ ಮೇಲೆ ಒತ್ತಿದ್ದಳು.

ಸೂಟಿನವನು ಬಾಗಿದ. ಆಖರೀ ಜವಾಬ್? ಅವ್ವ ಅವನನ್ನು ನೋಡಿದಳು. ಪರೀಕ್ಷೆ ಮಾಡೋಣ ಎಂದು ಪ್ರೇಕ್ಷಕರ ಸಹಾಯವನ್ನು ನಾನೇ ಒತ್ತಿದೆ. ನಾಲ್ಕು ಪಟ್ಟಿಗಳಲ್ಲಿ ಖರೀಫಿನದು ತೆರೆಯ ಮೇಲಿನ ಅಂಚಿನವರೆಗೆ ಹೋಗಿ ನಿಂತಿತು, ರಬಿಯದು ನೆಲ ಬಿಟ್ಟು ಏಳಲಿಲ್ಲ. ಅವ್ವ ಅದನ್ನೂ ನೋಡಿದಳು. ಕಾಲು ತುಳಿಯುತ್ತಿರಲಿಲ್ಲ. ಇವರು ಯಾರೂ ಹೊಲದವರಲ್ಲ ಎಂದು ಮೆಲ್ಲಗೆ ಹೇಳಿ, ರಬಿಯನ್ನೇ ಮತ್ತೆ ಒತ್ತಿದಳು.

ತಪ್ಪು ಎಂದು ಬಂತು. ಕೆಂಪು ಬೆಳಕು, ದುಃಖದ ವಾದ್ಯ. ಸರಿ ಉತ್ತರ ಖರೀಫ್ ಎಂದು ಸೂಟಿನವನು ಮುಖ ಸಣ್ಣದು ಮಾಡಿದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಇವಳು ತನ್ನ ಮಾತಿಗೆ ನಿಂತಿದ್ದಾಳೆ, ಅವತ್ತೇ ಈ ಆಟಕ್ಕೆ ತಪ್ಪು ಉತ್ತರ ಬರೆದವನು ಸಿಗಬೇಕೇ. ಯಾವುದೋ ಊರಿನ ಯಾವುದೋ ಪಠ್ಯಪುಸ್ತಕ ನೋಡಿ ಬರೆದಿದ್ದಾನೆ. ನಮ್ಮ ಕರಿ ಮಣ್ಣಿನಲ್ಲಿ ಬಿಳಿಜೋಳ ಬಿತ್ತುವುದೇ ಮಳೆಗಾಲ ಹಿಂದೆ ಸರಿದ ಮೇಲೆ. ಇನ್ನು ಇವಳು ಜನ್ಮದಲ್ಲಿ ಯಾವ ಮಾತಿಗೂ ನಿಲ್ಲುವುದಿಲ್ಲ ಎಂದುಕೊಂಡು ಅವಳ ಕಡೆ ತಿರುಗಿದೆ.

ಅವ್ವ ನಗುತ್ತಿದ್ದಳು. ಬಾಯಿಗೆ ಸೆರಗು ಹಿಡಿದು, ಭುಜ ಕುಣಿಯುವ ಹಾಗೆ ನಗುತ್ತಿದ್ದಳು.

"ಇಷ್ಟು ದಿನಾ ಇಂವಂಗ ಎಲ್ಲಾ ಗೊತ್ತದ ಅಂತ ತಿಳಕೊಂಡಿದ್ನಲ್ಲ," ಎಂದಳು.

ಅವತ್ತಿನ ಮೇಲೆ ಅವಳು ಆ ಆಟ ಆಡಲಿಲ್ಲ. ಎಷ್ಟು ಕರೆದರೂ ಕೆಲಸ ಇದೆ ಎಂದಳು. ಮೂರು ಸಲ ಕರೆದೆ, ಮೂರು ಸಲವೂ ಅದನ್ನೇ ಹೇಳಿದಳು.

ಅಫಜಲಪುರಕ್ಕೆ ಹೋದದ್ದು ನಾವಿಬ್ಬರೇ. ಬಿಸಿಲು ಕೇಳಬೇಡಿ. ಉಪನೋಂದಣಿ ಕಚೇರಿಯ ಎದುರು ತಗಡಿನ ನೆರಳಿನಲ್ಲಿ ಬಾಂಡ್ ಬರೆಯುವವನು ಕಾಗದ ಸಿದ್ಧ ಮಾಡಿ ಇಟ್ಟಿದ್ದ. ಮಾಮಾ ಮೊದಲೇ ಬಂದು ಕೂತಿದ್ದ, ಹೊಸ ಧೋತರ, ಹಣೆಗೆ ವಿಭೂತಿ. ತಂಗಿಗೆಂದು ತಣ್ಣನೆಯ ನೀರಿನ ಬಾಟಲಿ ತಂದಿಟ್ಟುಕೊಂಡಿದ್ದ. ಬರೆಯುವವನು ಕಾಗದವನ್ನು ಗಡಗಡ ಓದಿ ಪ್ರತಿ ಪುಟದ ಕೆಳಗೆ ಬೆರಳಿಟ್ಟು ತೋರಿಸಿದ. ಮಾಮಾ ಪೆನ್ನು ಕೊಟ್ಟ. ಅವ್ವ ಪೆನ್ನು ತೆಗೆದುಕೊಂಡು ಸುಮ್ಮನೆ ಕೂತಳು. ಮಾಡು ತಂಗಿ ಎಂದ. ಕೂತೇ ಇದ್ದಳು. ಮಾಡು ತಾಯಿ ಎಂದ, ಬಹಳ ಮೆತ್ತಗೆ. ಅವ್ವ ಎಲ್ಲ ಪುಟಕ್ಕೂ ಸಹಿ ಮಾಡಿದಳು. ಏಳನೇ ತರಗತಿಯ ದುಂಡನೆಯ ಅಕ್ಷರ, ಒಂದೊಂದನ್ನೂ ಬಿಡಿಸಿ ಬರೆದಳು.

ನಾನು ಎದ್ದು ಹೋಗಿ ಹೊರಗಿನ ಗೋಡೆಗೆ ಮುಖ ಮಾಡಿ ನಿಂತೆ. ಕಣ್ಣಲ್ಲಿ ನೀರು ಬಂತು, ಬೈಗುಳವೂ ಬಂದವು, ಎರಡನ್ನೂ ನುಂಗಿಕೊಂಡೆ.

ಒಳಗೆ ನಮ್ಮ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಅಧಿಕಾರಿ ಕಂಪ್ಯೂಟರಿನ ಮುಂದೆ ಕೂತಿದ್ದರು, ಫೋಟೊ ತೆಗೆಯುವ ಕ್ಯಾಮೆರಾ, ಹೆಬ್ಬೆಟ್ಟು ಒತ್ತುವ ಯಂತ್ರ. ಹಿಂದೆ ಹತ್ತು ಹದಿನೈದು ಜನ ಬೆವರುತ್ತಾ ನಿಂತಿದ್ದರು. ಅಧಿಕಾರಿ ಮುಖ ಎತ್ತದೆ ಕಾಗದ ತಿರುವಿ, ಈ ಸಹಿ ನಿಮ್ಮದೇನ್ರಿ, ಸ್ವಂತ ಮನಸ್ಸಿನಿಂದ ಬಿಟ್ಟುಕೊಡುತ್ತೀರೇನ್ರಿ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ದಿನಕ್ಕೆ ಎಷ್ಟು ಸಲ ಕೇಳುತ್ತಾರೋ. ಉತ್ತರ ಬರುವ ಮೊದಲೇ ಅವರ ಬೆರಳು ಕೀಲಿಯ ಮೇಲಿತ್ತು.

"ಸಹಿ ನಂದೇರಿ," ಎಂದಳು ಅವ್ವ. "ಮನಸ್ಸಿಲ್ಲ."

ಬೆರಳು ನಿಂತಿತು. ಅಧಿಕಾರಿ ಈಗ ಮುಖ ಎತ್ತಿ ನೋಡಿ, ಸರಿಯಾಗಿ ಕೇಳಿಸಿಕೊಳ್ಳಿ ತಾಯಿ, ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಎಂದರು. ಇಲ್ಲರಿ ಎಂದಳು. ಮಾಮಾ ಮುಂದೆ ಬಂದು ಅವಳ ಭುಜ ಮುಟ್ಟಿ, ಅವರು ಏನು ಕೇಳುತ್ತಿದ್ದಾರೆ ನೋಡು ಎಂದ. ಹಿಂದೆ ನಿಂತವರಲ್ಲಿ ಒಬ್ಬ, ಹೂಂ ಅನ್ನಬೇ ಯವ್ವಾ, ಬಿಸಲು ಭಾಳದ ಎಂದ. ಮೂರು ಕಡೆಯಿಂದ ಮೂರು ಸಲ ಆಯಿತು. ಅವ್ವ ಯಾರ ಮುಖವನ್ನೂ ನೋಡದೆ, ಮೇಜಿನ ಅಂಚನ್ನು ಹಿಡಿದುಕೊಂಡು ಮತ್ತೆ ಇಲ್ಲರಿ ಎಂದಳು. ಅಧಿಕಾರಿ ಕಾಗದವನ್ನು ಮಡಚಿ ಮಾಮಾನ ಕೈಗೆ ಕೊಟ್ಟು, ಮನಸ್ಸಿಲ್ಲ ಎಂದ ಮೇಲೆ ತಾನು ನೋಂದಣಿ ಮಾಡುವುದಿಲ್ಲ, ಮುಂದಿನವರು ಬನ್ನಿ ಎಂದರು.

ಹೊರಗೆ ಮಾಮಾ ಬೈದಿದ್ದರೆ ಚೆನ್ನಾಗಿತ್ತು. ನೀರಿನ ಬಾಟಲಿಯನ್ನು ಅವ್ವನ ಕೈಗೆ 'ತಗೋ' ಎಂದು ಕೊಟ್ಟು ಕರಜಗಿಯ ಬಸ್ಸು ಹತ್ತಿದ. ನಾನು ಗೆದ್ದ ಖುಷಿಯಲ್ಲಿದ್ದೆ. ಆಳಂದದ ಬಸ್ಸಿನಲ್ಲಿ ಕೂತ ಮೇಲೆ, ಹೊರಗೆ ಯಾಕೆ ಸಹಿ ಮಾಡಿದೆ ಎಂದು ಕೇಳಿದೆ. ಅಣ್ಣ ಸಹಿ ಕೇಳಿದ, ಕೊಟ್ಟೆ, ಒಳಗಿನವರು ಮನಸ್ಸು ಕೇಳಿದರು ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಆ ಬಾಟಲಿಯನ್ನು ತೊಡೆಯ ಮೇಲೆ ಹಿಡಿದುಕೊಂಡು, ಊರು ಬರುವವರೆಗೂ ಅತ್ತಳು. ನನ್ನ ಖುಷಿ ದಾರಿಯಲ್ಲೇ ಇಳಿದುಹೋಯಿತು. ಎರಡು ಎಕರೆಯನ್ನು ನಾನು ಆಟದ ಹಾಗೆ ಲೆಕ್ಕ ಹಾಕಿದ್ದೆ. ಅವಳು ಏನನ್ನು ಪಣಕ್ಕಿಟ್ಟಿದ್ದಳು ಎನ್ನುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಮುಂದೆ ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ಅವಳ ಹೆಸರೂ ಬಂತು. ಅದಕ್ಕೆ ಎರಡು ವರ್ಷ ಓಡಾಟ ಬೇಕಾಯಿತು, ಮಾಮಾ ಅಡ್ಡ ಬರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಆ ವರ್ಷದ ಪಂಚಮಿಯದು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಮೂರು ದಿನ ಇರುವಾಗ ಚೀಲ ತುಂಬಿದಳು. ಎರಡು ದಿನ ಇರುವಾಗ ಬೆಳಿಗ್ಗೆಯಿಂದ ಬಾಗಿಲಿಗೆ ಬೆನ್ನು ಮಾಡಿಕೊಂಡು ಕೆಲಸ ಮಾಡಿದಳು. ಅಂಗಡಿಗೆ ಯಾರು ಬಂದರೂ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಕತ್ತಲಾಗುವ ಹೊತ್ತಿಗೆ ಅಪ್ಪ, ಬರುವುದಿಲ್ಲ ಬಿಡು ಎಂದ. ಅಪ್ಪ ಖಚಿತವಾಗಿ ಹೇಳಿ ಸರಿಯಾದದ್ದು ಅದೊಂದೇ ಸಲ. ನಾನು ಮಾಮಾನಿಗೆ ಫೋನು ಮಾಡಲೇ ಎಂದೆ. ಬೇಡ ಎಂದಳು. ನನ್ನಿಂದಲೇ ಆಯಿತು ಎಂದೆ. ನನ್ನ ಮುಖ ನೋಡಿ, ಕೇಳಿದವಳು ನೀನು, ಹೇಳಿದವಳು ನಾನು ಎಂದಳು.

ಮಾರನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಳು. ಎಲ್ಲಿಗೆ ಎಂದು ಅಪ್ಪ ಕೇಳಿದ. ಊರಿಗೆ ಎಂದಳು. ನಾನು ಚಪ್ಪಲಿ ಹಾಕಿಕೊಂಡು ಹಿಂದೆ ಓಡಿದೆ. ಅಫಜಲಪುರದಲ್ಲಿ ಬಸ್ಸು ಬದಲಿಸಿ ಕರಜಗಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಮಾಮಾ ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದ. ನಮ್ಮನ್ನು ನೋಡಿ ಕೈ ನಿಲ್ಲಿಸಿದ. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಮಾಮಾ ಅವ್ವನ ಹಿಂದೆ, ನನ್ನ ಹಿಂದೆ, ಬೀದಿಯ ಆ ತುದಿಯವರೆಗೆ ನೋಡಿದ, ಯಾರಾದರೂ ಕರೆದುಕೊಂಡು ಬಂದಿದ್ದಾರೇನೋ ಎಂದು.

"ಯಾರ್ ಬಂದಿದ್ರು ಕರ್ಯಾಕ?" ಎಂದ.

"ಯಾರೂ ಇಲ್ಲಣ್ಣ. ಇನ್ನ ಮ್ಯಾಲ ನೀ ಕರ್ಯಾಕ ಬರಬ್ಯಾಡ. ನಾನೇ ಬರ್ತೇನಿ."

ಮಾಮಾ ಕೈಯಲ್ಲಿದ್ದ ಹಗ್ಗವನ್ನು ಕೊನೆಯವರೆಗೆ ಹೊಸೆದು ತುದಿಗೆ ಗಂಟು ಹಾಕಿದ. ಅವ್ವ ಚೀಲ ಕೆಳಗಿಡದೆ ಬಿಸಿಲಿನಲ್ಲಿ ನಿಂತೇ ಇದ್ದಳು. ಆಮೇಲೆ ಅವನು ಹಗ್ಗವನ್ನು ಪಕ್ಕಕ್ಕೆ ಸರಿಸಿ, ತಾನೂ ಕಟ್ಟೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಸರಿದು ಕೂತ.